ಜೇಬಿಗಿಳಿದ ಗುಳಿಗೆಗಳು

ನನ್ನ ಅವ್ವನ ಎಡಗಾಲು ಬಲಗಾಲಿನ ಎರಡರಷ್ಟು ದಪ್ಪವಿತ್ತು. ಕಲಬುರಗಿ ಸೀಮೆಯ ನಮ್ಮ ಹಳ್ಳಿಯಲ್ಲಿ ಅಂಥ ಕಾಲು ಅಪರೂಪವೇನಲ್ಲ, ಓಣಿಗೆ ಒಬ್ಬಿಬ್ಬರು ಇದ್ದೇ ಇರುತ್ತಿದ್ದರು. ಆದರೂ ಚಿಕ್ಕಂದಿನಲ್ಲಿ ಸಂತೆಗೆ ಹೋಗುವಾಗ ನಾನು ಆಕೆಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆಯುತ್ತಿದ್ದೆ. ಯಾಕೆಂದು ಅವ್ವ ಎಂದೂ ಕೇಳಲಿಲ್ಲ. ವರ್ಷಕ್ಕೆ ಮೂರ್ನಾಲ್ಕು ಸಲ ಚಳಿಜ್ವರ ಬಂದು, ಕಾಲು ಕೆಂಪಗಾಗಿ ಉರಿದು, ಹಾಸಿಗೆ ಹಿಡಿಯುತ್ತಿದ್ದಳು.

ಇಷ್ಟೆಲ್ಲ ಕಣ್ಣಾರೆ ಕಂಡ ನಾನು, ಅದೂ ಹೈಸ್ಕೂಲು ಮಾಸ್ತರನಾದ ನಾನು, ಆನೆಕಾಲು ರೋಗ ತಡೆಯುವ ಗುಳಿಗೆಗಳನ್ನು ಬಾಯಿಗೆ ಹಾಕದೆ ಜೇಬಿಗಿಳಿಸಿದೆ ಎಂದರೆ ನೀವು ನಂಬಬೇಕು.

ಇದು 2014ರ ಮಾತು. ಗುಳಿಗೆ ಹಂಚುವ ಕೆಲವು ವಾರ ಮೊದಲು ಆರೋಗ್ಯ ಇಲಾಖೆಯವರು ರಾತ್ರಿ ಹತ್ತರ ಮೇಲೆ ಬಂದು ಬಾಗಿಲು ಬಡಿದಿದ್ದರು. ಈ ಹುಳದ ಮರಿಗಳು ಹಗಲೆಲ್ಲ ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿದ್ದು, ಸೊಳ್ಳೆ ಕಚ್ಚುವ ನಡುರಾತ್ರಿಯ ಹೊತ್ತಿಗೆ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವಂತೆ. ಅದಕ್ಕೇ ರಾತ್ರಿಯ ಸೂಜಿ. ಒಂಬತ್ತನೆಯ ತರಗತಿಯಲ್ಲಿದ್ದ ಮಗನನ್ನು ಎಬ್ಬಿಸಿ ಕಳಿಸಿದೆ. ನಾನು ಮಾತ್ರ ಹೊದಿಕೆ ಎಳೆದುಕೊಂಡು ಗೊರಕೆ ಹೊಡೆದಂತೆ ನಟಿಸಿದೆ.

ಆಮೇಲೆ ಒಂದು ಸಂಜೆ ಆಶಾ ಕಾರ್ಯಕರ್ತೆ ಬಂದಳು. ಮಗನಿಗೆ ಎರಡು ಡಿಇಸಿ ಗುಳಿಗೆ, ನನಗೆ ಮೂರು, ಇಬ್ಬರಿಗೂ ಅಗಿದು ತಿನ್ನಲು ಒಂದೊಂದು ಆಲ್ಬೆಂಡಜೋಲ್. "ಏನೂ ಆಗಂಗಿಲ್ರಿ ಸರ, ನುಂಗ್ರಿ" ಎಂದಳು. ಮಗ ಊಟ ಮುಗಿಸಿದ್ದ, ಅವಳೆದುರೇ ನುಂಗಿದ. "ನಂದಿನ್ನೂ ಊಟ ಆಗಿಲ್ಲವ್ವ" ಎಂದು ನಾನು ಇಸಿದುಕೊಂಡೆ. ಮರುದಿನ ಪರೀಕ್ಷೆಯ ಕೆಲಸವಿತ್ತು, ಹೊಟ್ಟೆ ಕೆಟ್ಟರೆ ಕಷ್ಟ ಎಂಬುದು ನನ್ನ ಲೆಕ್ಕ.

ರಾತ್ರಿ ಮಗನಿಗೆ ಜ್ವರ ಬಂತು. ತಲೆನೋವು, ಮೈಕೈ ನೋವು, ಎರಡು ಸಲ ವಾಂತಿ. "ಗುಳಿಗ್ಯಾಗ ಏನ್ ಹಾಕ್ಯಾರೋ ಏನೋ" ಎಂದು ನನ್ನಾಕೆ ಅಳತೊಡಗಿದಳು. ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ನಾಲ್ಕಾರು ಪಾಲಕರು ನಿಂತಿದ್ದರು. "ಏನ್ರಿ ಮಾಸ್ತರ್ರ, ಮಕ್ಕಳಿಗೆ ಎಂಥಾ ಗುಳಿಗಿ ಕೊಡಿಸೀರಿ?" ಗುಳಿಗೆ ತಪ್ಪದೆ ನುಂಗಿರೆಂದು ತರಗತಿಯಲ್ಲಿ ಹೇಳಿದವನು ನಾನೇ. ನನ್ನ ಪಾಲಿನವು ಇನ್ನೂ ಹ್ಯಾಂಗರಿನ ಅಂಗಿಯಲ್ಲಿದ್ದವು.

ಮಗನನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆ, ಜಗಳಕ್ಕೆ ಸಿದ್ಧನಾಗಿಯೇ. ವೈದ್ಯರು ತಣ್ಣಗೆ ಹೇಳಿದರು: "ಗುಳಿಗಿ ವಿಷ ಅಲ್ರೀ ಸರ. ಹುಳ ಸಾಯ್ತಾವ. ಸಾಯೋವಾಗ ಗದ್ದಲ ಮಾಡ್ತಾವ." ಡಿಇಸಿ ರಕ್ತಕ್ಕೆ ಸೇರಿದಾಗ ಹುಳದ ಮರಿಗಳು ಒಮ್ಮೆಲೇ ಸಾಯುತ್ತವೆ. ಅವುಗಳ ಒಡಲಿನ ಅಂಶಗಳು ರಕ್ತದಲ್ಲಿ ಬೆರೆತು, ಶರೀರ ಅವುಗಳ ಮೇಲೆ ಹರಿಹಾಯುತ್ತದೆ. ಜ್ವರ, ತಲೆಸುತ್ತು, ವಾಕರಿಕೆ ಬರುವುದು ಹಾಗೆ. ಮರಿಗಳು ಹೆಚ್ಚಿದ್ದಷ್ಟೂ ಗದ್ದಲ ಹೆಚ್ಚು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಅಡಗುತ್ತದೆ. ವಾಂತಿಯಾದವರಿಗೆಲ್ಲ ಹುಳವಿದೆ ಎಂದೇನಲ್ಲ, ಬರಿಹೊಟ್ಟೆಯಲ್ಲಿ ನುಂಗಿದರೂ ಹೊಟ್ಟೆ ತೊಳಸುತ್ತದೆ. ಒಬ್ಬ ಹುಡುಗ ವಾಂತಿ ಮಾಡಿದ್ದು ಕಂಡು ಪಕ್ಕದ ಬೆಂಚಿನವನಿಗೂ ಬರುವುದುಂಟು. (ಮೂವತ್ತು ವರ್ಷ ತರಗತಿಯಲ್ಲಿ ನಿಂತವನಿಗೆ ಇದನ್ನು ವೈದ್ಯರು ಹೇಳಬೇಕಾಗಿರಲಿಲ್ಲ.) ಜ್ವರದ ಮಾತ್ರೆ ಕೊಟ್ಟು, ನೀರು ಚೆನ್ನಾಗಿ ಕುಡಿಸಿ ಎಂದು ಕಳಿಸಿದರು.

ನಾಲ್ಕು ದಿನದ ಮೇಲೆ ರಾತ್ರಿಯ ರಕ್ತದ ಫಲಿತಾಂಶ ಬಂತು. ಮಗನ ರಕ್ತದಲ್ಲಿ ಮರಿಗಳಿದ್ದವು.

ಹೊರಗೆ ಒಂದು ಲಕ್ಷಣವೂ ಇರಲಿಲ್ಲ. ಕಬಡ್ಡಿ ಆಡುವ ಹುಡುಗ! ಹುಳ ಹೊಕ್ಕ ಮೇಲೆ ಕಾಲು ಬಾಯಲು ವರ್ಷಗಳೇ ಹಿಡಿಯುತ್ತವೆ, ಬಾತ ಮೇಲೆ ಗುಳಿಗೆಯಿಂದ ಅದು ಮೊದಲಿನಂತಾಗುವುದಿಲ್ಲ. ಅವನಿಗೆ ಹನ್ನೆರಡು ದಿನದ ಡಿಇಸಿ ಕೊಟ್ಟರು. ಆ ಹನ್ನೆರಡೂ ದಿನ ಅವ್ವ ತಾನೇ ಎಣಿಸಿ ಅವನ ಅಂಗೈಗೆ ಹಾಕಿದಳು. ಆ ವಾರವೇ ನನ್ನ ಅಂಗಿ ಒಗೆಯುವಾಗ ಹೆಂಡತಿಗೆ ಜೇಬಿನಲ್ಲಿ ಕರಗಿದ ಗುಳಿಗೆಯ ಹಿಟ್ಟು ಸಿಕ್ಕಿತು. ಏನೂ ಅನ್ನದೆ ತಂದು ಅವ್ವನ ಮುಂದಿಟ್ಟಳು. ಅವ್ವನೂ ಏನೂ ಅನ್ನಲಿಲ್ಲ, ತನ್ನ ಕಾಲನ್ನೊಮ್ಮೆ ನೋಡಿಕೊಂಡಳು.

ಆಮೇಲೆ ಈ ಔಷಧಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 1947ರ ಸುಮಾರಿಗೆ ಇದನ್ನು ರೂಪಿಸಿದ ಅಮೆರಿಕದ ತಂಡದ ಹಿಂದಿದ್ದವರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮುಂದೆ ಐವರ್‌ಮೆಕ್ಟಿನ್ ಸೇರಿಸಿ ಮೂರು ಔಷಧಿ ಒಟ್ಟಿಗೆ ಕೊಡಬಹುದೇ ಎಂದು ಭಾರತವೂ ಸೇರಿ ಐದು ದೇಶಗಳಲ್ಲಿ 26,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅದರಲ್ಲೂ ತೊಂದರೆ ಹೆಚ್ಚು ಕಂಡದ್ದು ರಕ್ತದಲ್ಲಿ ಮರಿಗಳಿದ್ದವರಲ್ಲೇ, ಬಹುಪಾಲು ಸಣ್ಣಪುಟ್ಟ ತೊಂದರೆ.

ಹಾಗೆಂದು ಜನರ ಅಂಜಿಕೆ ಬರೀ ಹುಚ್ಚುತನವಲ್ಲ. ಮಧ್ಯ ಆಫ್ರಿಕಾದಲ್ಲಿ ಲೋವಾ ಲೋವಾ ಎಂಬ ಇನ್ನೊಂದು ಹುಳವಿದೆ. ಅದು ರಕ್ತದಲ್ಲಿ ವಿಪರೀತ ಇದ್ದವರಿಗೆ ಐವರ್‌ಮೆಕ್ಟಿನ್ ಕೊಟ್ಟರೆ ಮೆದುಳಿಗೇ ಕುತ್ತು. ಕ್ಯಾಮರೂನಿನ ಒಕೋಲಾದಲ್ಲಿ 1999ರಲ್ಲಿ ಸಾವುಗಳಾಗಿ ಹಂಚಿಕೆಯೇ ನಿಂತಿತು. 2015ರಲ್ಲಿ ಮತ್ತೆ ಕೊಟ್ಟಾಗ ಮೊದಲು ಬೆರಳಿನ ರಕ್ತ ಪರೀಕ್ಷಿಸಿ, ಆ ಹುಳ ಹೆಚ್ಚಿದ್ದವರನ್ನು ಬಿಟ್ಟು ಉಳಿದವರಿಗೆ ಕೊಟ್ಟರು. ಆ ಹುಳ ನಮ್ಮಲ್ಲಿಲ್ಲ. ಆದರೆ ಎರಡು ವರ್ಷದೊಳಗಿನ ಕೂಸಿಗೆ, ಗರ್ಭಿಣಿಗೆ, ಗಂಭೀರ ಕಾಯಿಲೆಯವರಿಗೆ ಡಿಇಸಿ ಕೊಡಬಾರದೆಂಬ ಕಟ್ಟಳೆ ನಮ್ಮಲ್ಲೂ ಇದೆ.

ನನಗೆ ಇಂದಿಗೂ ಚುಚ್ಚುವುದು "ಏನೂ ಆಗಂಗಿಲ್ರಿ" ಎಂಬ ಮಾತು. ಆ ತಾಯಿ ಒಳ್ಳೆಯ ಮನಸ್ಸಿನಿಂದಲೇ ಅಂದಳು. "ಒಂದೆರಡು ದಿನ ಜ್ವರ, ವಾಂತಿ ಬರಬಹುದು, ಬಂದರೆ ಹೆದರಬೇಡ್ರಿ, ನಮಗೆ ತಿಳಿಸ್ರಿ" ಎಂದಿದ್ದರೆ ನನ್ನಾಕೆ ರಾತ್ರಿಯೆಲ್ಲ ಅಳುತ್ತಿರಲಿಲ್ಲ. ಗುಳಿಗೆ ಹೆಚ್ಚಾಗಿ ಮರಿಗಳನ್ನು ಕೊಲ್ಲುತ್ತದೆ, ದೊಡ್ಡ ಹುಳಗಳು ಐದಾರು ವರ್ಷ ಬದುಕಿ ಮತ್ತೆ ಮರಿ ಹಾಕುತ್ತವೆ. ಅದಕ್ಕೇ ವರ್ಷವರ್ಷವೂ ನುಂಗಬೇಕು. ಮೊದಲ ವರ್ಷ ಹೆದರಿದವನು ಎರಡನೆಯ ವರ್ಷ ಬಾಗಿಲೇ ತೆಗೆಯುವುದಿಲ್ಲ.

ಮರುವರ್ಷ ಹಿಂದಿನ ದಿನವೇ ತರಗತಿಯಲ್ಲಿ ಎಲ್ಲ ಬಿಡಿಸಿ ಹೇಳಿದೆ, ಜ್ವರ ವಾಂತಿ ಸಹಿತ. ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತ.

"ಸರ, ಹೋದ ವರ್ಷ ನೀವು ನುಂಗಿದ್ರೇನ್ರಿ?"

"ಇಲ್ಲಪ್ಪ" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಮರುದಿನ ಡಬ್ಬಿಯ ಬುತ್ತಿ ಉಂಡು, ಅವರೆದುರೇ ಮೂರು ಗುಳಿಗೆ ನುಂಗಿ, ನಾಲ್ಕನೆಯದನ್ನು ಅಗಿದು, ಬಾಯಿ ತೆರೆದು ತೋರಿಸಿದೆ. ರಾತ್ರಿ ಸ್ವಲ್ಪ ತಲೆ ಸಿಡಿಯಿತು. ಅವ್ವ ಕಾಲೆಳೆಯುತ್ತ ಬಂದು ಹಣೆ ಮುಟ್ಟಿ ನೋಡಿದಳು.