ಹನ್ನೆರಡು ವೋಲ್ಟಿನ ಸುಳ್ಳು

ಬೇಸಿಗೆಯಲ್ಲಿ ಕಾರಿನ ಎ.ಸಿ. ಕೆಟ್ಟಿತೆಂದರೆ ಮೊದಲು ಕೇಳಿಬರುವ ಮಾತು 'ಗ್ಯಾಸ್ ಖಾಲಿಯಾಗಿದೆ' ಎಂಬುದು. ಮಗು ಯಾಕೆ ಅತ್ತರೂ 'ದೃಷ್ಟಿಯಾಗಿದೆ' ಎನ್ನುವ ಅಜ್ಜಿಯರಂತೆ, ಈ ಮಾತಿಗೆ ಬಾನೆಟ್ ಎತ್ತಿ ನೋಡುವ ಅಗತ್ಯವೂ ಇಲ್ಲ. ದಾವಣಗೆರೆಯ ಆ ಟ್ಯಾಕ್ಸಿಯವನಿಗೂ ಹೀಗೇ ಆಯಿತು. ಬೆಳಿಗ್ಗೆ ಮನೆ ಬಿಡುವಾಗ ತಣ್ಣನೆಯ ಗಾಳಿ. ಹರಿಹರ ದಾಟುವಷ್ಟರಲ್ಲಿ ಒಲೆಯ ಮುಂದೆ ಕೂತ ಹಾಗೆ. ಒಂದು ಅಂಗಡಿಯಲ್ಲಿ ಇದ್ದ ಗ್ಯಾಸನ್ನೆಲ್ಲ ಹೊರಗೆ ಬಿಟ್ಟು ಹೊಸದು ತುಂಬಿದರು. ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಎರಡನೆಯ ಅಂಗಡಿಯಲ್ಲಿ ಫ್ಯೂಸು, ರಿಲೇ ಬದಲಾಯಿಸಿ, ಜೊತೆಗೆ ಇನ್ನೊಮ್ಮೆ ಗ್ಯಾಸು. (ಹೀಗೆ ಗಾಳಿಗೆ ಬಿಡುವ ಆರ್-134ಎ ಅನಿಲ ಭೂಮಿಯನ್ನು ಕಾಯಿಸುವುದರಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಜೋರು. ತಂಪಿಗೆಂದು ತುಂಬಿದ್ದು ಬಿಸಿಲಿಗೇ ಸೇರುತ್ತದೆ.) ಮೂರನೆಯವನು ತಲೆಯಾಡಿಸಿ, "ಕಂಪ್ರೆಸರೇ ಹೋಗೈತೆ" ಎಂದ. ಅವನು ಹೇಳಿದ ಮೊತ್ತವೂ, ಮಗನ ಕಾಲೇಜಿಗೆಂದು ಟ್ರಂಕಿನಲ್ಲಿ ಎತ್ತಿಟ್ಟಿದ್ದ ದುಡ್ಡೂ ಹೆಚ್ಚುಕಡಿಮೆ ಸಮವಾಗಿದ್ದವು.

ಮಗ ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ ಒಂದರಲ್ಲಿ ಕೂತಿದ್ದ. ಅಪ್ಪ ಬೈದಿರಲಿಲ್ಲ. ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು. ಫಲಿತಾಂಶ ಬಂದ ದಿನದಿಂದ ಅಪ್ಪ-ಮಗ ಮಾತಾಡುತ್ತಿದ್ದುದೆಲ್ಲ ತಾಯಿಯ ಮೂಲಕ. "ಅವನಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳು" ಎಂದು ಎದುರಿಗೇ ಕೂತ ಮಗನನ್ನು ನೋಡದೆ ಅಪ್ಪ ಹೇಳುವುದು, "ಸಾಕಂತೆ ಅನ್ನು" ಎಂದು ಮಗ ತಟ್ಟೆಗೆ ಹೇಳುವುದು. ಒಂದು ರಾತ್ರಿ ಅಪ್ಪ ಅದೇ ರೀತಿ ತಾಯಿಗೆ ಹೇಳಿದ: "ಟ್ರಂಕಿನಾಗಿರೋ ದುಡ್ಡು ಗಾಡಿಗೆ ಹಾಕ್ತೀನಿ. ಓದಿಗೆ ಈಗೇನು ಅವಸರ ಐತೆ?"

ತಾಯಿ ಮಾತ್ರ ಪಟ್ಟುಹಿಡಿದಳು. ಪಿ.ಬಿ. ರಸ್ತೆಯ ಅಂಚಿನಲ್ಲಿ ಹಳೆಯ ಎಲೆಕ್ಟ್ರಿಷಿಯನ್ ಒಬ್ಬರಿದ್ದರು. ಎಲ್ಲರೂ ಕರೆಯುವುದು ಮೇಸ್ತ್ರಿ ಎಂದು. ಅವರಿಗೆ ಒಮ್ಮೆ ತೋರಿಸದೆ ಟ್ರಂಕಿನ ಬೀಗ ತೆಗೆಯಕೂಡದು ಎಂದಳು. "ಇವನನ್ನೂ ಕರಕೊಂಡು ಹೋಗು" ಎಂದು ಮಗನನ್ನೂ ಹಿಂದೆ ಹಚ್ಚಿದಳು.

ಮೇಸ್ತ್ರಿ ಮೊದಲು ಗೇಜು ಹಚ್ಚಿದರು. ನೆರಳಿನಲ್ಲಿ ಮೂವತ್ತೈದು ಡಿಗ್ರಿ ಇದ್ದಾಗ, ಎ.ಸಿ. ಓಡದೆ ನಿಂತಿರುವ ಗಾಡಿಯಲ್ಲಿ ಈ ಗ್ಯಾಸಿನ ಒತ್ತಡ ನೂರಹದಿನೈದು ಪೌಂಡಿನ ಆಸುಪಾಸಿನಲ್ಲಿರಬೇಕು. ಇತ್ತು. ಒತ್ತಡ ತೀರಾ ಇಳಿದರೆ ಕಂಪ್ರೆಸರಿನ ಕರೆಂಟನ್ನೇ ತಡೆಯುವ ಒಂದು ಸ್ವಿಚ್ ಪೈಪಿನ ಮೇಲಿರುತ್ತದೆ. ಅದು ತಡೆಯುವಂಥ ಸ್ಥಿತಿಯೇನೂ ಇರಲಿಲ್ಲ. "ಗ್ಯಾಸಿನ ವಿಷಯ ಬಿಡು" ಎಂದರು.

ಆಮೇಲೆ ಕ್ಲಚ್ಚು. ಎಂಜಿನ್ ಓಡುವಾಗ ಬೆಲ್ಟಿನ ಜೊತೆ ಪುಲ್ಲಿ ಸದಾ ತಿರುಗುತ್ತಲೇ ಇರುತ್ತದೆ. ಎ.ಸಿ. ಗುಂಡಿ ಒತ್ತಿದಾಗ ತಂತಿಯ ಸುರುಳಿಯೊಂದು ಅಯಸ್ಕಾಂತವಾಗಿ, ಮುಂದಿನ ತಟ್ಟೆಯನ್ನು 'ಟಕ್' ಎಂದು ಎಳೆದುಕೊಂಡರೆ ಮಾತ್ರ ಕಂಪ್ರೆಸರು ತಿರುಗುವುದು. ಕಂಪನಿಯಿಂದಲೇ ಎ.ಸಿ. ಕೂಡಿಸಿದ ಮೊದಲ ಕಾರು ಅಮೆರಿಕದ ಪ್ಯಾಕಾರ್ಡ್. 1939ರಲ್ಲಿ ಜನರ ಮುಂದೆ ಬಂತು. ಅದಕ್ಕೆ ಈ ಕ್ಲಚ್ಚೇ ಇರಲಿಲ್ಲ. ಚಳಿಯಾದರೆ ಗಾಡಿ ನಿಲ್ಲಿಸಿ, ಇಳಿದು, ಬಾನೆಟ್ ಎತ್ತಿ ಬೆಲ್ಟನ್ನೇ ಕಳಚಬೇಕಿತ್ತು! ಈ ಟ್ಯಾಕ್ಸಿಯಲ್ಲಿ ಸಂಕಟ ಅದರ ತಿರುವುಮುರುವು. ಗುಂಡಿ ಒತ್ತಿದರೆ ಡಬ್ಬಿಯೊಳಗೆ ರಿಲೇ ಸಣ್ಣಗೆ 'ಚಿಟ್' ಎನ್ನುತ್ತಿತ್ತು; ಕ್ಲಚ್ಚಿನ 'ಟಕ್' ಬರುತ್ತಿರಲಿಲ್ಲ.

ಮೇಸ್ತ್ರಿ ಮೀಟರನ್ನು ಹುಡುಗನ ಕೈಗೆ ಕೊಟ್ಟರು. ಅಂಗಿಯ ತೋಳು ಮಡಚಿಸಿ, ಫ್ಯಾನಿನಿಂದ ದೂರ ನಿಲ್ಲಿಸಿದರು. ಕ್ಲಚ್ಚಿನ ಪ್ಲಗ್ ಕಳಚಿ, ಎಂಜಿನ್ ನಿಲ್ಲಿಸಿ ಕೀಲಿ ಮಾತ್ರ ತಿರುಗಿಸಿ, ತಾವೇ ರಿಲೇ ಜಾಗದಲ್ಲಿ ತುಂಡು ವೈರ್ ಕೂಡಿಸಿ, "ಬರೋ ಎರಡು ವೈರಿಗೆ ಹಿಡಿ" ಎಂದರು. ಹನ್ನೆರಡೂವರೆ ವೋಲ್ಟ್. ಕ್ಲಚ್ಚಿನ ಸುರುಳಿಯನ್ನು ಅಳೆದರೆ ನಾಲ್ಕು ಓಮ್. ಅದೂ ಸರಿಯೇ.

"ಕರೆಂಟ್ ಬರ್ತಾ ಐತೆ, ಕಾಯಿಲೂ ಚೆನ್ನಾಗೈತೆ. ಅಂದ್ರೆ ಕಂಪ್ರೆಸರೇ ಕೆಟ್ಟಿರಬೇಕು" ಎಂದ ಹುಡುಗ. ಮೂರನೆಯ ಅಂಗಡಿಯವನೂ ಇಲ್ಲಿಗೇ ಬಂದು ನಿಂತಿದ್ದ. ಅಪ್ಪ ನಿಟ್ಟುಸಿರುಬಿಟ್ಟ.

"ವೋಲ್ಟ್ ಬರ್ತಾ ಐತೆ ಅನ್ನು. ಕರೆಂಟ್ ಬರ್ತಾ ಐತೆ ಅಂತ ಯಾರು ಹೇಳಿದ್ರು?" ಎಂದರು ಮೇಸ್ತ್ರಿ.

ಹುಡುಗನಿಗೆ ಅರ್ಥವಾಗಲಿಲ್ಲ. ಮೇಸ್ತ್ರಿ ಪ್ಲಗ್ಗನ್ನು ಮತ್ತೆ ಕೂಡಿಸಿ, ಎಂಜಿನ್ ಹಚ್ಚಿ, ಎ.ಸಿ. ಗುಂಡಿ ಒತ್ತಿಸಿ, ಪ್ಲಗ್ಗಿನ ಹಿಂಭಾಗದಿಂದ ಮೀಟರಿನ ಸೂಜಿ ತೂರಿಸಿದರು. ಬ್ಯಾಟರಿಯಲ್ಲಿ ಹದಿಮೂರು ಮುಕ್ಕಾಲು ಇತ್ತು. ಕ್ಲಚ್ಚಿನಲ್ಲಿ ಏಳು ಚಿಲ್ಲರೆ! ಉಳಿದದ್ದು ಎಲ್ಲಿ? ಒಂದು ಸೂಜಿಯನ್ನು ಬ್ಯಾಟರಿಯ ಮೈನಸ್‌ಗೂ ಇನ್ನೊಂದನ್ನು ಕ್ಲಚ್ಚಿನ ಅರ್ತ್ ವೈರಿಗೂ ಹಿಡಿಸಿದರು. ಅಲ್ಲಿ ಹೆಚ್ಚೆಂದರೆ ಕಾಲು ವೋಲ್ಟ್ ಇರಬೇಕು. ಆರಕ್ಕೂ ಮೇಲೆ ತೋರಿಸುತ್ತಿತ್ತು.

ಬ್ಯಾಟರಿ ಟ್ರೇಯ ಕೆಳಗೆ, ಬೋಲ್ಟೊಂದಕ್ಕೆ ಆ ಅರ್ತ್ ವೈರನ್ನು ಬಿಗಿದಿದ್ದರು. ಆಸಿಡ್ ಜಿನುಗಿ ಜಿನುಗಿ ಅದರ ಲಗ್ಗು ಹಸಿರು-ಬಿಳಿಯ ಹೂವು ಬಿಟ್ಟಿತ್ತು. ಹುಡುಗ ಬೋಲ್ಟನ್ನೇ ನೋಡುತ್ತ ನಿಂತ. ಪ್ಲಗ್ ಕಳಚಿ ಅಳೆದಾಗ ಮೀಟರಿನ ಮೂಲಕ ಹರಿಯುವುದು ಇಲ್ಲವೆನ್ನುವಷ್ಟು ಕರೆಂಟು. ಹರಿವೇ ಇಲ್ಲದಾಗ ತುಕ್ಕು ತಡೆಯುವುದಾದರೂ ಏನನ್ನು? ಕ್ಲಚ್ಚು ಎಳೆಯಹೊರಟಾಗಲೇ ತುಕ್ಕು ತನ್ನ ಪಾಲು ಕೇಳುವುದು. ಶೆಡ್ಡಿನ ಗೋಡೆಗೊರಗಿದ್ದ ರಟ್ಟಿನ ತುಂಡಿನ ಮೇಲೆ ಹುಡುಗ ಬರೆದ: ಏಳು ಪಾಯಿಂಟ್ ಎರಡನ್ನು ನಾಲ್ಕರಿಂದ ಭಾಗಿಸಿದರೆ ಒಂದು ಪಾಯಿಂಟ್ ಎಂಟು ಆಂಪಿಯರ್. ತುಕ್ಕಿನಲ್ಲೂ ಹರಿಯುವುದು ಅದೇ ಕರೆಂಟು. ಆರು ಪಾಯಿಂಟ್ ನಾಲ್ಕನ್ನು ಅದರಿಂದ ಭಾಗಿಸಿದರೆ ಮೂರೂವರೆ ಓಮ್.

"ಈ ತುಕ್ಕೇ ಇನ್ನೊಂದು ಕ್ಲಚ್ಚಿನಷ್ಟು ತಿಂತಾ ಐತೆ" ಎಂದ.

ಮೇಸ್ತ್ರಿಗೆ ಈ ಲೆಕ್ಕ ಬರೆದು ಅಭ್ಯಾಸವಿರಲಿಲ್ಲ. ಕೈ ಅನುಭವ ಅಷ್ಟೆ. ರಟ್ಟನ್ನು ತೆಗೆದುಕೊಂಡು ಕನ್ನಡಕ ಸರಿಮಾಡಿ ಎರಡು ಸಲ ಓದಿದರು. ಬೆಳಿಗ್ಗೆ ಮಾತ್ರ ಎ.ಸಿ. ನಡೆಯುತ್ತಿದ್ದುದೇಕೆಂಬುದನ್ನು ಅವರು ಹೇಳಿದರು. ತಾಮ್ರ ಕಾದಷ್ಟೂ ಅದರ ತಡೆ ಹೆಚ್ಚುತ್ತದೆ. ಇಪ್ಪತ್ತರಿಂದ ನೂರು ಡಿಗ್ರಿಗೆ ಏರಿದರೆ ಸುಮಾರು ಶೇಕಡಾ 30ರಷ್ಟು. ತಣ್ಣಗಿದ್ದಾಗ ಹೇಗೋ ಎಳೆದುಕೊಳ್ಳುತ್ತಿದ್ದ ಕ್ಲಚ್ಚಿಗೆ ಕಾದ ಮೇಲೆ ಕಸುವು ಸಾಲುತ್ತಿರಲಿಲ್ಲ. ಗ್ಯಾಸ್ ತುಂಬಿದವರು ಗಾಡಿ ಆರಿದ ಮೇಲೆ ಮರಳಿ ಕೊಟ್ಟಿದ್ದರಲ್ಲ, ಅದಕ್ಕೇ ರಿಪೇರಿಯಾದಂತೆ ಕಂಡದ್ದು.

ಹುಡುಗ ಬರೆದ ಲೆಕ್ಕದ ಮೂಲಪುರುಷ ಜಾರ್ಜ್ ಓಮ್ ಜರ್ಮನಿಯ ಶಾಲಾ ಮೇಷ್ಟ್ರು. ಬೀಗ ಮಾಡುವವನ ಮಗ. ತಂದೆ ಶಾಲೆಯಲ್ಲಿ ಹೆಚ್ಚು ಕಲಿತವನಲ್ಲ. ತಾನೇ ಓದಿಕೊಂಡು ಮಕ್ಕಳಿಗೆ ಗಣಿತ ಹೇಳಿಕೊಟ್ಟ. 1827ರಲ್ಲಿ ಓಮ್ ತನ್ನ ನಿಯಮವನ್ನು ಪುಸ್ತಕವಾಗಿ ತಂದಾಗ ಅವನ ದೇಶದ ಪಂಡಿತರು ಮೂಗು ಮುರಿದರು. ಲಂಡನ್ನಿನ ರಾಯಲ್ ಸೊಸೈಟಿ ಪದಕ ಕೊಟ್ಟದ್ದು 1841ರಲ್ಲಿ. ಪರೀಕ್ಷೆಯಲ್ಲಿ ಈ ನಿಯಮವನ್ನು ಹುಡುಗ ತಪ್ಪಿಲ್ಲದೆ ಬರೆದಿದ್ದ. ಅಂಕ ಹೋದದ್ದು ಲೆಕ್ಕಗಳಲ್ಲಿ.

ಎಂಜಿನ್ ನಿಲ್ಲಿಸಿ, ಬ್ಯಾಟರಿಯ ಮೈನಸ್ ಕಳಚಿ, ಬೋಲ್ಟನ್ನು ಎಮರಿ ಕಾಗದದಿಂದ ಉಜ್ಜಿ, ಹೊಸ ಲಗ್ಗು ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿದರು. ಮತ್ತೆ ಎಂಜಿನ್ ಹಚ್ಚಿದರು. ಅಪ್ಪ ಗುಂಡಿ ಒತ್ತಿದ. 'ಟಕ್'. ಮೀಟರಿನಲ್ಲಿ ಹದಿಮೂರೂವರೆ. ಒಂದು ಗಂಟೆ ಬಿಸಿಲಲ್ಲಿ ನಿಲ್ಲಿಸಿ ಓಡಿಸಿದರೂ ಗಾಳಿ ಬಿಸಿಯಾಗಲಿಲ್ಲ. ಮೇಸ್ತ್ರಿ ತಗೊಂಡದ್ದರಲ್ಲಿ ಮೂವರ ಬೆಣ್ಣೆದೋಸೆಗೂ ಅಷ್ಟೇ ಆಗುತ್ತಿತ್ತು.

ಹೊರಡುವಾಗ ಹುಡುಗ ಅಭ್ಯಾಸದಂತೆ ಹಿಂದಿನ ಸೀಟಿನ ಬಾಗಿಲಿಗೆ ಕೈ ಹಾಕಿದ. ಅಪ್ಪ ಮುಂದಿನ ಬಾಗಿಲನ್ನು ಒಳಗಿನಿಂದಲೇ ತಳ್ಳಿ ತೆರೆದ. ಸ್ವಲ್ಪ ದೂರ ಇಬ್ಬರೂ ಮಾತಾಡಲಿಲ್ಲ. ರೈಲ್ವೆ ಗೇಟು ಹಾಕಿತ್ತು. ಅಪ್ಪ ಕಿಟಕಿಯ ಗಾಜು ಏರಿಸಿದ.

"ಆ ಮೂರೂವರೆ ಹೆಂಗ್ ಬಂತು, ಇನ್ನೊಂದ್ಸಲ ಹೇಳು" ಎಂದ.

ಮಗ ರಟ್ಟಿನ ತುಂಡನ್ನು ಸ್ಟೀರಿಂಗಿನ ಮೇಲೆ ಇಟ್ಟು ಮೊದಲಿನಿಂದ ಹೇಳತೊಡಗಿದ. ಗೇಟು ತೆರೆದರೂ ಗಾಡಿ ಹೊರಡಲಿಲ್ಲವೆಂದು ಹಿಂದಿನವರೆಲ್ಲ ಹಾರನ್ ಹೊಡೆಯುತ್ತಿದ್ದರು.