ಕಡಲ ಮುಂದೆ ಕೂತು ಕೇಳಿದ್ದು ಅದೇ ಐದು ಹಾಡು

ಕಡಲತೀರದ ಕೆಫೆಗಳಿಗೆಲ್ಲ ಯಾರೋ ಒಂದೇ ಪೆನ್‌ಡ್ರೈವ್ ಹಂಚಿದ್ದಾರೇನೋ ಅಂತ ನನಗೆ ಆಗಾಗ ಅನುಮಾನ ಬರುತ್ತದೆ. ಗೋವಾದ ಪಾಲೋಲೆಂ ಇರಲಿ, ಕೇರಳದ ವರ್ಕಲ ಇರಲಿ, ನಮ್ಮ ಗೋಕರ್ಣದ ಕುಡ್ಲೆ ಇರಲಿ, ಅದೇ ಬಿದಿರಿನ ಚಪ್ಪರ, ಅದೇ ಬಣ್ಣದ ದಿಂಬು, ಅದೇ ಬನಾನಾ ಪ್ಯಾನ್‌ಕೇಕ್, ಅದೇ ಹಾಡುಗಳು. ಮೊದಲು ಬಾಬ್ ಮಾರ್ಲಿ. ಆಮೇಲೆ ‘ಹೋಟೆಲ್ ಕ್ಯಾಲಿಫೋರ್ನಿಯಾ’. ಅದು ಮುಗಿಯುತ್ತಲೇ 2017ರಿಂದ ಬೆನ್ನು ಬಿಡದ ‘ಡೆಸ್ಪಸಿಟೊ’. ನಡುವೆ ಯಾವುದೋ ಹಿಂದಿ ಹಾಡನ್ನು ನಿಧಾನ ಮಾಡಿ ಗಿಟಾರ್ ಹಚ್ಚಿದ್ದು. ಕೊನೆಗೆ ಪದಗಳೇ ಇಲ್ಲದ, ಬರೀ ‘ಧುಮ್ ಧುಮ್’. ಮುಕ್ಕಾಲು ಗಂಟೆಯಾದ ಮೇಲೆ ಮತ್ತೆ ಮಾರ್ಲಿ ಹಾಜರ್!

ನಾನು ಕೆಲಸ ಮಾಡುವುದು ಸಾಫ್ಟ್‌ವೇರ್‌ನಲ್ಲಿ. ಅಲ್ಲಿ ಇದನ್ನು ಕಾಪಿ-ಪೇಸ್ಟ್ ಅಂತೀವಿ. ಒಬ್ಬ ಬರೆದ ಕೋಡ್ ಕೆಲಸ ಮಾಡಿತು ಅಂತ ಗೊತ್ತಾದರೆ ಉಳಿದವರು ಯಾಕೆ, ಏನು ಅಂತ ಕೇಳದೆ ಎತ್ತಿ ಅಂಟಿಸಿಕೊಳ್ಳುತ್ತಾರೆ. ಕಡಲತೀರದ ಸಂಗೀತದ ಕಥೆಯೂ ಹೆಚ್ಚುಕಮ್ಮಿ ಹಾಗೇ ಆಗಿದೆ.

ಈ ಸಂಪ್ರದಾಯ ಶುರುವಾದದ್ದು ಎಲ್ಲಿ ಅಂತ ಹುಡುಕುತ್ತಾ ಹೋದರೆ ಸ್ಪೇನ್ ದೇಶದ ಇಬಿಜಾ ದ್ವೀಪ ಸಿಗುತ್ತದೆ. ಅಲ್ಲಿ 1980ರಲ್ಲಿ ‘ಕೆಫೆ ಡೆಲ್ ಮಾರ್’ ಎಂಬ ಕೆಫೆ ತೆರೆಯಿತು. ಪಶ್ಚಿಮಕ್ಕೆ ಮುಖ, ಎದುರಿಗೆ ಸಮುದ್ರ. ಜನ ಬರುತ್ತಿದ್ದುದೇ ಸೂರ್ಯಾಸ್ತ ನೋಡಲಿಕ್ಕೆ. ಮುಂದೆ ಹೋಸೆ ಪಡೀಲಾ ಎಂಬ ಡಿಜೆ ಆ ಹೊತ್ತಿಗೆ ಹೊಂದುವ ನಿಧಾನದ ಸಂಗೀತವನ್ನು ಆರಿಸಿ ಹಾಕತೊಡಗಿದ. 1994ರಲ್ಲಿ ಅದರ ಮೊದಲ ಸಂಕಲನ ಹೊರಬಂತು. ಅಲ್ಲಿಂದ ಮುಂದೆ ಅದು ಜಗತ್ತಿನ ಕಡಲತೀರಗಳಿಗೆಲ್ಲ ಹಬ್ಬಿತು. ಗಮನಿಸಿ, ಅಲ್ಲಿ ಒಬ್ಬ ಮನುಷ್ಯ ಆಕಾಶ ನೋಡಿಕೊಂಡು ಮುಂದಿನ ಹಾಡು ಯಾವುದು ಅಂತ ತೀರ್ಮಾನಿಸುತ್ತಿದ್ದ. ನಮ್ಮಲ್ಲಿ ಆ ಕೆಲಸ ಮಾಡುವುದು ಮೊಬೈಲ್‌ನ ಪ್ಲೇಲಿಸ್ಟ್. ಸೂರ್ಯ ಮುಳುಗಿದರೂ ಅಷ್ಟೇ, ನಡುಮಧ್ಯಾಹ್ನ ನೆತ್ತಿ ಸುಟ್ಟರೂ ಅಷ್ಟೇ.

ಹಾಗೆ ನೋಡಿದರೆ ‘ಹೋಟೆಲ್ ಕ್ಯಾಲಿಫೋರ್ನಿಯಾ’ಕ್ಕೂ ಕಡಲಿಗೂ ಸಂಬಂಧವೇ ಇಲ್ಲ. 1976ರಲ್ಲಿ ಈಗಲ್ಸ್ ತಂಡ ತಂದ ಆ ಹಾಡು ಮರುಭೂಮಿಯ ಹೆದ್ದಾರಿಯಲ್ಲಿ ರಾತ್ರಿ ಕಾರು ಓಡಿಸುತ್ತಾ ದಣಿದವನ ಕಥೆ. ಮಾರ್ಲಿಯಾದರೂ ಜಮೈಕಾ ದ್ವೀಪದವನು. ಬಡತನ, ಗುಲಾಮಗಿರಿ, ಬಿಡುಗಡೆ ಅಂತ ಹಾಡಿದವನು. ಅವನನ್ನು ನಾವು ಫ್ರೆಂಚ್ ಫ್ರೈಸ್ ಜೊತೆ ನೆಂಚಿಕೊಳ್ಳುತ್ತಿದ್ದೇವೆ. ಅಮೆರಿಕದಲ್ಲಿ 1934ರಲ್ಲಿ ಮ್ಯೂಜ್ಯಾಕ್ ಎಂಬ ಕಂಪನಿ ಹುಟ್ಟಿತ್ತು. ಅಂಗಡಿ, ಆಫೀಸು, ಕಾರ್ಖಾನೆಗಳಿಗೆ ಹಿನ್ನೆಲೆ ಸಂಗೀತ ಒದಗಿಸುವುದೇ ಅದರ ವ್ಯಾಪಾರ. ಆ ಸಂಗೀತವನ್ನು ಯಾರೂ ಕೂತು ಕೇಳಬೇಕಿರಲಿಲ್ಲ, ಸುಮ್ಮನೆ ಕಿವಿಗೆ ಬೀಳುತ್ತಿದ್ದರೆ ಸಾಕಿತ್ತು. ಮೌನ ಮುಜುಗರ ತರುವ ಜಾಗಕ್ಕೆ ಅದು ಸರಿ ಇರಬಹುದು. ಆದರೆ ಕಡಲತೀರದಲ್ಲಿ ಮೌನ ಎಲ್ಲಿದೆ? ಅಲ್ಲಿ ಸಾವಿರಾರು ವರ್ಷಗಳಿಂದ ಒಂದು ಸದ್ದು ನಡೆದೇ ಇದೆಯಲ್ಲ!

ಈ ಪ್ರಶ್ನೆ ನನಗೆ ಗಟ್ಟಿಯಾಗಿ ಹತ್ತಿಕೊಂಡಿದ್ದು ಹೋದ ವರ್ಷ ಜನವರಿಯಲ್ಲಿ, ಅಮ್ಮನನ್ನು ಗೋಕರ್ಣಕ್ಕೆ ಕರೆದುಕೊಂಡು ಹೋದಾಗ. ನಮ್ಮದು ಹೊಸದುರ್ಗದ ಕಡೆ. ಕೆರೆ ತುಂಬಿದರೆ ಊರಿಗೆ ಊರೇ ನೋಡಲು ಹೋಗುವ ಸೀಮೆ. ಐವತ್ತೆಂಟು ವರ್ಷದ ಅಮ್ಮ ಅಲ್ಲಿವರೆಗೆ ಸಮುದ್ರ ನೋಡಿರಲಿಲ್ಲ. ಹೊಲ, ಎಮ್ಮೆ, ನಮ್ಮ ಓದು, ಅಪ್ಪನ ಕಾಯಿಲೆ, ಹೀಗೆ ಒಂದಲ್ಲ ಒಂದು ಕಾರಣಕ್ಕೆ ಮುಂದೆ ಹೋಗುತ್ತಲೇ ಇತ್ತು. ಮಹಾಬಲೇಶ್ವರನ ದರ್ಶನ ಮುಗಿಸಿ, ಕೋಟಿತೀರ್ಥ ನೋಡಿ, ಸಂಜೆ ಕುಡ್ಲೆಗೆ ಇಳಿದೆವು. ಎರಡು ಗುಡ್ಡಗಳ ನಡುವೆ ಅರ್ಧಚಂದ್ರದಂಥ ಮರಳು. ಅಮ್ಮನಿಗೆ ಮಂಡಿನೋವು, ಮರಳಿನಲ್ಲಿ ಹೆಚ್ಚು ನಡೆಯಲು ಆಗುವುದಿಲ್ಲ ಅಂತ ಒಂದು ಕೆಫೆಯ ಮುಂದಿನ ಸಾಲಿನಲ್ಲಿ ಕೂತೆವು. ಹಿಂದೆ ಎರಡು ದೊಡ್ಡ ಸ್ಪೀಕರ್.

ಅಮ್ಮ ಬಹಳ ಹೊತ್ತು ನೀರನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ನನ್ನ ಕಿವಿ ಹತ್ತಿರ ಬಂದು, ಹೆಚ್ಚುಕಮ್ಮಿ ಕೂಗಿಯೇ ಕೇಳಿದರು, “ಏನೇ ಇದು, ಸಮುದ್ರದ ಸದ್ದೇ ಕೇಳಿಸ್ತಿಲ್ವಲ್ಲೇ? ಟೀವಿಯಲ್ಲಾದ್ರೂ ಭೋರ್ ಅಂತ ಕೇಳ್ಸುತ್ತೆ.”

ನಗು ಬಂತು. ಆಮೇಲೆ ಬೇಜಾರಾಯಿತು. ಅಲೆ ನಮ್ಮಿಂದ ಮೂವತ್ತು ಹೆಜ್ಜೆಯಲ್ಲಿ ಒಡೆಯುತ್ತಿತ್ತು. ಅಷ್ಟು ವರ್ಷ ಕಾದು ಬಂದವರಿಗೆ ಅದು ಮೂಕಿಚಿತ್ರದ ಹಾಗೆ ಕಾಣುತ್ತಿತ್ತು.

ಕುತೂಹಲಕ್ಕೆ ಮೊಬೈಲ್‌ನ ಸೌಂಡ್ ಮೀಟರ್ ಆ್ಯಪ್ ತೆರೆದೆ. ನಮ್ಮ ಮೇಜಿನ ಹತ್ತಿರ 82 ಡೆಸಿಬಲ್ ಆಸುಪಾಸು. ಎದ್ದು ಹೋಗಿ ನೀರಿನಂಚಿನಲ್ಲಿ, ಕೆಫೆಗಳಿಂದ ದೂರ ನಿಂತರೆ 64. ಮೊಬೈಲ್ ಅಳತೆ ಪ್ರಯೋಗಾಲಯದ ಅಳತೆಯಲ್ಲ, ಆದರೆ ಎರಡರ ನಡುವಿನ ಅಂತರ ದೊಡ್ಡದೇ. ಡೆಸಿಬಲ್ ಲೆಕ್ಕ ನಮ್ಮ ಮಾಮೂಲಿ ಕೂಡು-ಕಳೆ ಲೆಕ್ಕದ ಹಾಗಲ್ಲ. 10 ಡೆಸಿಬಲ್ ಏರಿದರೆ ಶಬ್ದದ ಶಕ್ತಿ 10 ಪಟ್ಟು ಆಗುತ್ತದೆ, ಕಿವಿಗೆ ಸುಮಾರು ಎರಡರಷ್ಟು ಜೋರಾಗಿ ಕೇಳುತ್ತದೆ. 20 ಏರಿದರೆ ಶಕ್ತಿ 100 ಪಟ್ಟು.

ಇಷ್ಟು ಜೋರು ಯಾಕೆ ಬೇಕಾಗುತ್ತದೆ ಅನ್ನುವುದರಲ್ಲೂ ಒಂದು ಲೆಕ್ಕ ಇದೆ. ಅಲೆಯ ಸದ್ದಿನಲ್ಲಿ ತಗ್ಗಿನಿಂದ ಎತ್ತರದವರೆಗೆ ಎಲ್ಲ ಸ್ವರಗಳೂ ಕಲಸಿಕೊಂಡಿರುತ್ತವೆ. ಅದರ ಮೇಲೆ ಹಾಡು ಸ್ಪಷ್ಟವಾಗಿ ಕೇಳಬೇಕೆಂದರೆ ಅಲೆಗಿಂತ ಜೋರಾಗಿ ಹಾಕಲೇಬೇಕು. ಮೊದಲ ಕೆಫೆ ಅಲೆಯ ಮೇಲೆ ಏರಿಸುತ್ತದೆ. ಪಕ್ಕದ ಕೆಫೆ ಮೊದಲ ಕೆಫೆಯ ಮೇಲೆ ಏರಿಸುತ್ತದೆ. ಕೂತವರು ಹಾಡಿನ ಮೇಲೆ ಮಾತು ಏರಿಸುತ್ತಾರೆ. ಗದ್ದಲ ಹೆಚ್ಚಾದಂತೆ ಮನುಷ್ಯ ತನಗೆ ಗೊತ್ತಿಲ್ಲದೆಯೇ ಗಂಟಲು ಏರಿಸುತ್ತಾನೆ. ಇದನ್ನು ಗುರುತಿಸಿದ ಫ್ರಾನ್ಸ್‌ನ ವೈದ್ಯ ಎತಿಯೆನ್ ಲೊಂಬಾರ್ ಹೆಸರಿನಲ್ಲೇ ಅದಕ್ಕೆ ‘ಲೊಂಬಾರ್ ಪರಿಣಾಮ’ ಎನ್ನುತ್ತಾರೆ. ಜನರ ಮಾತು ಜೋರಾಯಿತು ಅಂತ ಕೆಫೆಯವನು ಇನ್ನೊಂದು ಗೆರೆ ಏರಿಸುತ್ತಾನೆ. ನಮ್ಮ ಮದುವೆ ಮನೆಗಳಲ್ಲಿ ವಾಲಗದ ಮುಂದೆ ನಿಂತು ಇಬ್ಬರು ಬೀಗರು ಮಾತಾಡಿಕೊಳ್ಳುತ್ತಾರಲ್ಲ, ಅದೇ ಕಥೆ!

ರಾತ್ರಿ ಇನ್ನೊಂದು ತೊಂದರೆ. ಹಗಲು ನೆಲ ಕಾದಿರುವಾಗ ಶಬ್ದದ ಅಲೆಗಳು ಮೇಲಕ್ಕೆ ಬಾಗಿ ಹೋಗುತ್ತವೆ. ರಾತ್ರಿ ನೆಲ ತಣ್ಣಗಾಗಿ, ಮೇಲಿನ ಗಾಳಿ ಬೆಚ್ಚಗೆ ಉಳಿದರೆ ಅವು ಕೆಳಕ್ಕೆ ಬಾಗುತ್ತವೆ, ಹಾಗಾಗಿ ದೂರದ ಸದ್ದೂ ಹತ್ತಿರದಲ್ಲೇ ಇದ್ದಂತೆ ಕೇಳುತ್ತದೆ. ಅದರಲ್ಲೂ ‘ಧುಮ್ ಧುಮ್’ ಎನ್ನುವ ತಗ್ಗು ಸ್ವರ ಗಾಳಿಯಲ್ಲಿ ಬೇಗ ಕರಗುವುದಿಲ್ಲ, ಗೋಡೆಗೂ ಅಷ್ಟಾಗಿ ಬಗ್ಗುವುದಿಲ್ಲ. ಪ್ರವಾಸಿಗರು ಒಂದೆರಡು ರಾತ್ರಿ ಇದ್ದು ಹೋಗುತ್ತೇವೆ. ನಸುಕಿನಲ್ಲೆದ್ದು ದೋಣಿ ಹತ್ತಬೇಕಾದವರು, ಪರೀಕ್ಷೆಗೆ ಓದುವ ಮಕ್ಕಳು ಅಲ್ಲೇ ಇರುತ್ತಾರೆ.

ಬಿಲ್ ಕೊಡುವಾಗ ಮಾಲೀಕರ ಹತ್ತಿರ ಸ್ವಲ್ಪ ಕಡಿಮೆ ಮಾಡಬಹುದಾ ಅಂತ ಕೇಳಿದೆ. ಆ ಊರಿನವರೇ, ಒಳ್ಳೆಯ ಮನುಷ್ಯ. “ಹಾಡು ಬಂದ್ ಮಾಡಿದ್ರೆ ಕೆಫೆ ಬಂದ್ ಆಯ್ತು ಅಂದ್ಕಂಡು ಜನ ಪಕ್ಕದವ್ರ ಹತ್ರ ಹೋಗ್ತ್ರು ಮೇಡಂ. ಮಳೆಗಾಲದಲ್ಲಿ ನಮ್ದು ಹೇಗೂ ಇಲ್ಲ. ಈ ಏಳೆಂಟು ತಿಂಗಳಲ್ಲೇ ದುಡೀಬೇಕು” ಅಂದರು. ಅವರ ಮಾತು ತೆಗೆದುಹಾಕುವಂಥದ್ದಲ್ಲ. ಎಲ್ಲರೂ ಒಟ್ಟಿಗೆ ಇಳಿಸಿದರೆ ಯಾರಿಗೂ ನಷ್ಟವಿಲ್ಲ, ಒಬ್ಬರೇ ಇಳಿಸಿದರೆ ಅವರಿಗೆ ಮಾತ್ರ ಹೆದರಿಕೆ. ಆದರೂ ಅವರು ನಮ್ಮ ಕಡೆಯ ಸ್ಪೀಕರ್ ಅರ್ಧಕ್ಕೆ ಇಳಿಸಿದರು. ಹಾಗೆ ಇಳಿಸಿದ್ದಕ್ಕೆ ಎದ್ದು ಹೋದವರು ಯಾರೂ ಇಲ್ಲ, ನಾನು ಸುತ್ತ ಒಮ್ಮೆ ನೋಡಿಯೇ ಹೇಳುತ್ತಿದ್ದೇನೆ.

ತಟ್ಟೆ ತೆಗೆಯಲು ಬಂದ ನೇಪಾಳದ ಹುಡುಗನಿಗೆ ಇಪ್ಪತ್ತು ವರ್ಷ ಇರಬಹುದು. ನಿನಗೆ ಈ ಹಾಡು ಇಷ್ಟವಾ ಅಂತ ಕೇಳಿದರೆ ನಕ್ಕು, “ದೀದಿ, ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹನ್ನೊಂದರವರೆಗೆ ಇದೇ. ಮಲಗಿದ ಮೇಲೂ ತಲೆಯೊಳಗೆ ಓಡ್ತಾ ಇರುತ್ತೆ” ಅಂದ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಶಬ್ದವನ್ನು ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು, ಅದಕ್ಕಿಂತ ಹೆಚ್ಚಾದರೆ ಕಿವಿಗೆ ಅಪಾಯ. ಆ ಹುಡುಗ ಮೂರು ದಿನಕ್ಕೇ ಆ ಲೆಕ್ಕ ದಾಟಿಬಿಡುತ್ತಾನೆ. ನಾವು ಹಾಡು ಬದಲಾಗಲಿಲ್ಲ ಅಂತ ಗೊಣಗುತ್ತೇವೆ. ಅವನಿಗೆ ಮಾತ್ರ ಎದ್ದು ಹೋಗುವ ಅನುಕೂಲವೂ ಇಲ್ಲ.

ಕಾನೂನು ಇಲ್ಲವೆಂದಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ನಿಯಮ ಇದೆ, ಆದರೆ ದಿನಾ ಮರಳ ಮೇಲೆ ಮೀಟರ್ ಹಿಡಿದು ನಿಲ್ಲುವವರು ಯಾರು?

ಹಾಗಾದರೆ ಇಂಗ್ಲಿಷ್ ಹಾಡು ತೆಗೆದು ಕನ್ನಡ ಹಾಡು ಹಾಕಿಬಿಟ್ಟರೆ ಆಯಿತಲ್ಲ ಅಂತ ಗೆಳತಿಯೊಬ್ಬಳು ಹೇಳಿದಳು. ಮೊದಲಿಗೆ ನನಗೂ ಸರಿ ಅನ್ನಿಸಿತು. ಈ ಕರಾವಳಿಗೆ ತನ್ನದೇ ಹಾಡುಗಳಿಗೇನೂ ಬರವಿಲ್ಲ. ರಂಪಣಿ ಬಲೆ ಎಳೆಯುವಾಗ ಹತ್ತಾರು ಜನ ಒಂದೇ ದನಿಯಲ್ಲಿ ‘ಐಲೇಸಾ’ ಹಾಕುತ್ತಿದ್ದರು. ಗದ್ದೆ ಬಯಲಿನಾಚೆಯಿಂದ ಯಕ್ಷಗಾನದ ಚಂಡೆ ಕೇಳುತ್ತದೆ. ಗೋಕರ್ಣದಿಂದ ಬಹಳ ದೂರವೇನೂ ಇಲ್ಲದ ಅಂಕೋಲಾದ ಬಡಗೇರಿಯಲ್ಲಿ ಸುಕ್ರಿ ಬೊಮ್ಮಗೌಡ ಇದ್ದರು. ಶಾಲೆಯ ಮೆಟ್ಟಿಲು ಹತ್ತದೆಯೇ ರಾಶಿ ರಾಶಿ ಹಾಲಕ್ಕಿ ಹಾಡುಗಳನ್ನು ಬಾಯಲ್ಲೇ ಉಳಿಸಿಕೊಂಡ ಅಜ್ಜಿ. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಆದರೆ ಅವರ ಹಾಡನ್ನು ಫ್ರೈಡ್ ರೈಸ್ ಹಿಂದೆ ದಿನಕ್ಕೆ ಹನ್ನೆರಡು ಸಲ ಹಾಕಿದರೆ ಅದೂ ಆರು ತಿಂಗಳಲ್ಲಿ ‘ಡೆಸ್ಪಸಿಟೊ’ ಆಗಿಬಿಡುತ್ತದೆ. ನಾಟಿ ಮಾಡುತ್ತಾ, ಮದುವೆ ಮನೆಯಲ್ಲಿ, ಸುಗ್ಗಿಯಲ್ಲಿ ಹಾಡುವ ಹಾಡಿಗೆ ಒಂದು ಹೊತ್ತು ಇರುತ್ತದೆ. ಹೊತ್ತು ತಪ್ಪಿಸಿ ಸದಾ ಹಾಡಿಸಿದರೆ ಯಾವ ಭಾಷೆಯ ಹಾಡಾದರೂ ಕೊನೆಗೆ ಬರೀ ಗದ್ದಲವೇ. ವಾರಕ್ಕೊಂದು ಸಂಜೆ ಊರಿನವರನ್ನೇ ಕರೆಸಿ, ಸಂಭಾವನೆ ಕೊಟ್ಟು, ಮೈಕ್ ಇಲ್ಲದೆ ಹಾಡಿಸಿದರೆ ಬೇರೆ ಮಾತು. ಅಂಥದ್ದಕ್ಕೆ ನಾನು ಬೆಂಗಳೂರಿಂದ ರಾತ್ರಿ ಬಸ್ಸು ಹಿಡಿದು ಬರುತ್ತೇನೆ.

ಅಂದಹಾಗೆ ಅಮ್ಮನಿಗೆ ಸಮುದ್ರ ಕೇಳಿಸಿತು. ಮರುದಿನ ಬೆಳಿಗ್ಗೆ ಆರೂವರೆಗೆ ಮತ್ತೆ ಕುಡ್ಲೆಗೆ ಇಳಿದೆವು. ಕೆಫೆಗಳು ಇನ್ನೂ ಕಸ ಗುಡಿಸುತ್ತಿದ್ದವು. ಅಮ್ಮ ಸೀರೆ ಸ್ವಲ್ಪ ಎತ್ತಿಕಟ್ಟಿ, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, “ಒಂದು ಬಂದಂಗೆ ಇನ್ನೊಂದು ಬರಲ್ಲ ಅಲ್ವೇನೇ?” ಅಂದರು. ಮುಕ್ಕಾಲು ಗಂಟೆಗೊಮ್ಮೆ ತಿರುಗಿ ಬರುವ ಪ್ಲೇಲಿಸ್ಟ್ ಬಗ್ಗೆ ಇದಕ್ಕಿಂತ ಒಳ್ಳೆಯ ಟೀಕೆಯನ್ನು ನಾನು ಕೇಳಿಲ್ಲ.

ನೀವೂ ಹೋಗುವವರಿದ್ದರೆ ಕೆಲವು ಮಾತು. ಗೋಕರ್ಣದಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಕಡಲು ನಿಮ್ಮದು, ಸಂಜೆ ಕೆಫೆಯವರದು. ಗುಡ್ಡ ಹತ್ತಿಳಿಯುವ ಶಕ್ತಿ ಇದ್ದರೆ ಓಂ ಬೀಚ್‌ನಿಂದ ಹಾಫ್ ಮೂನ್ ಕಡೆ ನಡೆಯಿರಿ, ಜನ ಕಡಿಮೆ. ಹಿರಿಯರು, ಮಕ್ಕಳು ಜೊತೆಗಿದ್ದರೆ ಹೊನ್ನಾವರದ ಕಾಸರಕೋಡು ಒಳ್ಳೆಯದು. ಉಡುಪಿ ಜಿಲ್ಲೆಯ ಪಡುಬಿದ್ರಿಯ ಜೊತೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ತೀರ ಅದು. ಕಾರವಾರಕ್ಕೆ ಹೋದರೆ ಟ್ಯಾಗೋರ್ ಕಡಲತೀರದಲ್ಲಿ ಒಂದಿಷ್ಟು ಹೊತ್ತು ಸುಮ್ಮನೆ ಕೂತುಬನ್ನಿ. ನ್ಯಾಯಾಧೀಶರಾಗಿದ್ದ ಅಣ್ಣನ ಜೊತೆ ಅಲ್ಲಿ ಬಂದು ಉಳಿದಿದ್ದ ಯುವಕ ರವೀಂದ್ರನಾಥರು ನಾಟಕವೊಂದನ್ನು ಬರೆದದ್ದು ಆ ಊರಿನಲ್ಲೇ. ಆಗ ಸ್ಪೀಕರ್ ಇರಲಿಲ್ಲ ಅನ್ನುವುದು ಅವರ ಪುಣ್ಯ.

ಕೆಫೆಯಲ್ಲಿ ಕೂತರೆ ಹಾಡು ಇಳಿಸಿ ಅಂತ ನಗುನಗುತ್ತಾ ಕೇಳಿ. ಹತ್ತರಲ್ಲಿ ಏಳೆಂಟು ಜನ ಇಳಿಸುತ್ತಾರೆ, ಇದು ನನ್ನ ಅನುಭವ. ರೇಟಿಂಗ್ ಕೊಡುವಾಗ ಊಟ ಚೆನ್ನಾಗಿತ್ತು ಅಂತ ಬರೆಯುವ ಜೊತೆಗೆ, ‘ಇಲ್ಲಿ ಕೂತರೆ ಅಲೆ ಕೇಳಿಸುತ್ತದೆ’ ಅಂತಲೂ ಒಂದು ಸಾಲು ಸೇರಿಸಿ. ಹಾಡು ನಿಲ್ಲಿಸಿದರೆ ಗಿರಾಕಿ ಹೋಗುತ್ತಾನೆ ಅನ್ನುವ ಹೆದರಿಕೆಗೆ ಸರ್ಕಾರದ ನೋಟಿಸಿಗಿಂತ ಒಬ್ಬ ಗಿರಾಕಿಯ ಆ ಒಂದು ಸಾಲೇ ಒಳ್ಳೆಯ ಉತ್ತರ.