ನಮ್ಮ ಸಂಘದ ಕಾಗದ ತಲುಪಿಸೋಕೆ ಜಾಗ ಹುಡುಕಿದ್ದು

ಈ ಸಲ ಸಂಕ್ರಾಂತಿ ಕಳೆದ ಮೇಲೆ ಬಾಳ ಜನ ಕೇಳಿದ್ರಿ, “ನಿಮ್ಮ ಸಂಘದ ಮೈಲ್ ಈಗ ಸರಿಯಾಗಿ ಬತ್ತಾ ಅದಲ್ಲ, ಮೊದಲು ಬತ್ತಾನೇ ಇರ್ಲಿಲ್ಲ, ಏನು ಮಾಡಿದ್ರಿ?” ಅಂತ. ಒಬ್ಬೊಬ್ಬರಿಗೇ ಫೋನಲ್ಲಿ ಹೇಳೋ ಬದಲು ಇಲ್ಲೇ ಬರೀತೀನಿ. ಮನೇಲಿ ಕೂತು ಉಪ್ಪಿನಕಾಯಿ, ರವಿಕೆ ಹೊಲಿಗೆ, ಸೀರೆ ಕುಚ್ಚು ಅಂತ ಏನಾದ್ರೂ ಮಾಡಿ ಮಾರೋ ನಿಮಗೂ ಇದು ಬೇಕಾಯ್ತದೆ.

ಬಾಬುರಾಯನಕೊಪ್ಪಲಲ್ಲಿ ನಾವು ಹನ್ನೆರಡು ಜನ ಹೆಂಗಸರು ಸೇರಿ ಮಾಡೋ ಕೆಲಸ ನಿಮಗೆ ಗೊತ್ತೇ ಅದೆ. ಸಂಕ್ರಾಂತಿಗೆ ಎಳ್ಳು-ಬೆಲ್ಲ, ಸಕ್ಕರೆ ಅಚ್ಚು. ಬ್ಯಾಸಗೇಲಿ ಹಪ್ಪಳ, ಸಂಡಿಗೆ. ಮಿಕ್ಕ ದಿನ ಸಾರಿನ ಪುಡಿ, ಹುರಿಹಿಟ್ಟು. ಕೊಳ್ಳೋರು ಹೆಚ್ಚಾಗಿ ನಮ್ಮ ಕಡೆಯಿಂದ ಹೋಗಿ ಬೆಂಗಳೂರು, ಮೈಸೂರಲ್ಲಿ ಇರೋರು. ಮಕ್ಕಳು ಅಮೆರಿಕದಲ್ಲಿದ್ದು, ಶ್ರೀರಂಗಪಟ್ಟಣದಲ್ಲಿರೋ ಅಪ್ಪ ಅವ್ವನಿಗೆ ಕೊಡಿ ಅನ್ನೋರೂ ಅವರೆ. ಮೇಳಗಳಲ್ಲಿ ಅಂಗಡಿ ಹಾಕ್ದಾಗ ಒಂದು ಪುಸ್ತಕ ಮಡಗಿರ್ತೀವಿ. “ಮುಂದಿನ ಸಲ ಮಾಡ್ದಾಗ ತಿಳಿಸಿ” ಅಂತ ಅವರೇ ಹೆಸರು, ಮೈಲ್ ವಿಳಾಸ ಬರೆದು ಹೋಗ್ತಾರೆ. ಹಂಗೆ ಸೇರಿದ್ದು 640 ವಿಳಾಸ.

ಡಿಸೆಂಬರಲ್ಲಿ ಹೋಗೋ ಕಾಗದದ ಮೇಲೇ ನಮ್ಮ ವರ್ಷದ ಲೆಕ್ಕ ನಿಂತಿರ್ತದೆ. ಎಷ್ಟು ಜನ ಬೇಕು ಅಂತಾರೋ ಅಷ್ಟಕ್ಕೆ ಎಳ್ಳು, ಕಡಲೇಕಾಯಿ ಬೀಜ, ಕೊಬ್ಬರಿ ತರಬೇಕು. ಕಾಗದ ತಲುಪದೇ ಹೋದ್ರೆ ಕೊಬ್ಬರಿ ಹೆಚ್ಚಿ ಒಣಗಿಸಿ ಮಡಗಿದ್ದೆಲ್ಲ ಕಮಟು ಹಿಡೀತದೆ. ಆ ನಷ್ಟ ಹನ್ನೆರಡು ಮನೆಗೂ ಹಂಚಿ ಬೀಳ್ತದೆ. ಅದರಲ್ಲಿ ಇಬ್ಬರ ಮಕ್ಕಳ ಕಾಲೇಜು ಫೀಸು ಇದೇ ದುಡ್ಡಲ್ಲಿ ನಡೀತದೆ.

“ವಾಟ್ಸಾಪಲ್ಲಿ ಕಳಿಸಿ ಬುಡಿ” ಅಂತೀರಿ. ಅದರ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನಕ್ಕಿಂತ ಹೆಚ್ಚು ಹಿಡಿಯಲ್ಲ. ನಮ್ಮ ನಂಬರನ್ನ ಅವರ ಫೋನಲ್ಲಿ ಉಳಿಸ್ಕೊಂಡಿದ್ರೆ ಮಾತ್ರ ತಲುಪ್ತದೆ. ಎಸ್‌ಎಂಎಸ್ ಕಳಿಸೋಣ ಅಂದ್ರೆ ಟ್ರಾಯ್‌ನೋರ 2018ರ ನಿಯಮ ಅದೆ. ವ್ಯಾಪಾರದ ಸಂದೇಶ ಕಳಿಸೋರು ಹೆಸರು ನೋಂದಾಯಿಸಿ, ಕಳಿಸೋ ವಾಕ್ಯಕ್ಕೂ ಮೊದಲೇ ಒಪ್ಪಿಗೆ ತಗೋಬೇಕು. ಮಾಮೂಲಿ ಜಿಮೇಲಿನಲ್ಲಿ ದಿನಕ್ಕೆ 500 ಜನಕ್ಕೆ ಮಾತ್ರ. ಎರಡು ದಿನಕ್ಕೆ ಹಂಚಿ ಕಳಿಸ್ತಿದ್ವಿ. ಆದ್ರೆ ಒಂದೇ ಕಾಗದ ನೂರಾರು ಜನಕ್ಕೆ ಹೊಂಟಿದೆ ಅಂತ ಎಷ್ಟೋ ಕಡೆ ನೇರ ಸ್ಪಾಮ್ ಡಬ್ಬಿಗೆ ಬೀಳ್ತಿತ್ತು.

ಅದಕ್ಕೇ ವರ್ಷಕ್ಕಿಷ್ಟು ಅಂತ ಕಟ್ಟಿ ಒಂದು ಕಡೆ ಹೋಸ್ಟಿಂಗ್ ತಗೊಂಡ್ವಿ. ಹೋಸ್ಟಿಂಗ್ ಅಂದ್ರೆ ನಮ್ಮ ವೆಬ್‌ಸೈಟು, ನಮ್ಮ ಹೆಸರಿನ ಮೈಲು ಎರಡಕ್ಕೂ ಬಾಡಿಗೆ ಜಾಗ. ಅಗ್ಗದ ಹೋಸ್ಟಿಂಗು ವಠಾರ ಇದ್ದಂಗೆ ಕಣ್ರವ್ವಾ. ನೂರಾರು ಜನ ಒಂದೇ ಕಂಪ್ಯೂಟರಲ್ಲಿ ಇರ್ತಾರೆ, ಎಲ್ಲರಿಗೂ ಒಂದೇ ವಿಳಾಸ. ಪಕ್ಕದ ಮನೆಯೋನು ಯಾರೋ ಲಾಟರಿ ಗೆದ್ದಿದ್ದೀರಿ ಅಂತ ಸುಳ್ಳು ಮೈಲ್ ಕಳಿಸಿದ್ನಂತೆ. ಇಡೀ ವಠಾರದ ವಿಳಾಸವೇ ಕಪ್ಪುಪಟ್ಟಿಗೆ ಸೇರ್ತು. ನಮ್ಮ ಎಳ್ಳು-ಬೆಲ್ಲದ ಕಾಗದ ಗೊಂಚಲು ಗೊಂಚಲಾಗಿ ವಾಪಸ್ ಬಂತು. ಫೋನ್ ಮಾಡಿ ಕೇಳಿದ್ರೆ, ಒಟ್ಟಿಗೆ ನೂರಾರು ಮೈಲ್ ಕಳಿಸೋದು ಇಲ್ಲಿ ನಡೆಯಲ್ಲ ಅಂದು ಮಾತು ಮುಗಿಸಿದ್ರು.

ಅವರು ಹೆದರೋದೂ ಸುಮ್ಮನೆ ಅಲ್ಲ. 1978ರ ಮೇ ತಿಂಗಳಲ್ಲಿ ಅಮೆರಿಕದ ಒಂದು ಕಂಪ್ಯೂಟರ್ ಕಂಪ್ನಿಯ ಗ್ಯಾರಿ ಥೂರ್ಕ್ ಅನ್ನೋರು ಅರ್ಪಾನೆಟ್‌ನಲ್ಲಿದ್ದ ಸುಮಾರು 400 ಜನಕ್ಕೆ, ಅವರು ಕೇಳದೇ, ಜಾಹೀರಾತು ಕಳಿಸಿದ್ರು. ಮೊದಲನೇ ಸ್ಪಾಮ್ ಅದೇ ಅಂತಾರೆ. ಅಲ್ಲಿಂದ ಇಲ್ಲೀತನಕ ಆ ಕಾಟ ನಿಂತಿಲ್ಲ. ಈಗ ಗೂಗಲ್, ಅಮೆಜಾನ್‌ನಂಥ ದೊಡ್ಡ ಕಂಪ್ನಿಗಳೂ ಬಾಡಿಗೆ ಕಂಪ್ಯೂಟರಿಂದ ಮೈಲ್ ನೇರವಾಗಿ ಹೊರಗೆ ಹೋಗೋ 25ನೇ ನಂಬರಿನ ಬಾಗಿಲನ್ನ ಮೊದಲೇ ಮುಚ್ಚಿರ್ತವೆ.

ಬೇರೆ ಜಾಗ ಹುಡುಕೋಕೆ ನಮ್ಮ ಓರಗಿತ್ತಿ ಮಗಳು ಕೂತ್ಲು. ಎರಡು ಥರದೋರು ಸಿಕ್ಕಿದ್ರು. ಒಬ್ಬರು, “ಎಷ್ಟು ಬೇಕಾದ್ರೂ ಕಳಿಸಿ ಮೇಡಂ, ನಾವೇನೂ ಕೇಳಲ್ಲ” ಅಂದ್ರು. ಅದರ ಜೊತೆಗೆ ಬೆಂಗಳೂರಿನ ಐವತ್ತು ಸಾವಿರ ಮೈಲ್ ವಿಳಾಸ ಕೂಡ ಮಾರ್ತೀವಿ ಅಂದ್ರು. ಸಂಘದಲ್ಲಿ ಒಸಿ ಗುಸುಗುಸು ಆಯ್ತು. ಐವತ್ತು ಸಾವಿರದಲ್ಲಿ ಐನೂರು ಜನ ಕೊಂಡ್ರೂ ಸಾಕಲ್ಲ ಅಂತ ಇಬ್ಬರು ಮೂವರು ಅಂದ್ರು. ತಪ್ಪೇನಿಲ್ಲ, ಆ ತಿಂಗಳು ಎಲ್ಲರ ಕೈಯೂ ಬಿಗಿ ಇತ್ತು. ನಮ್ಮಲ್ಲಿ ಹಿರೀರಾದ ದೊಡ್ಡಮ್ಮ ಎಲ್ಲಾ ಕೇಳಿಸ್ಕೊಂಡು ಹಿಂಗಂದ್ರು: “ಈ ಐವತ್ತು ಸಾವಿರ ಜನ ನಮ್ಮ ಪುಸ್ತಕದಲ್ಲಿ ಬರೆದವ್ರಾ? ಇಲ್ಲ ತಾನೆ? ಹಂಗಿದ್ಮೇಲೆ ಅವರಿಗೆ ನಾವು ಯಾರು?” ಅಲ್ಲಿಗೆ ಆ ಮಾತು ಬುಟ್ವಿ.

ಇನ್ನೊಂದು ಥರದೋರು ದುಡ್ಡು ತಗೊಳ್ಳೋಕೆ ಮುಂಚೆಯೇ ಪ್ರಶ್ನೆ ಹಾಕಿದ್ರು. ವಿಳಾಸ ಎಲ್ಲಿಂದ ಬಂತು? ಅವರೇ ಕೊಟ್ಟರಾ? ವರ್ಷಕ್ಕೆ ಎಷ್ಟು ಸಲ ಕಳಿಸ್ತೀರಿ? ಬ್ಯಾಡ ಅಂದೋರನ್ನ ಹೆಂಗೆ ತೆಗೀತೀರಿ? ತಲುಪದೇ ವಾಪಸ್ ಬಂದ ವಿಳಾಸ ಏನು ಮಾಡ್ತೀರಿ? ಓರಗಿತ್ತಿ ಮಗಳು ಬೇಜಾರು ಮಾಡ್ಕೊಂಡ್ಲು, ಪೊಲೀಸ್ ಠಾಣೆ ಥರ ಕೇಳ್ತಾರೆ ಅಂತ. ನನಗೆ ಮಾತ್ರ ಸಮಾಧಾನ ಆಯ್ತು. ಎಲ್ಲಿ ಕೆಲಸ, ಮನೇಲಿ ಎಷ್ಟು ಜನ ಅಂತ ವಿಚಾರಿಸಿ ಬಾಡಿಗೆಗೆ ಕೊಡೋ ಯಜಮಾನನ ವಠಾರದಲ್ಲೇ ಅಲ್ವಾ ಹೆಣ್ಣುಮಕ್ಕಳು ನೆಮ್ಮದಿಯಾಗಿ ಇರೋದು? ನಮ್ಮನ್ನ ಹಿಂಗೆ ಕೇಳೋರು ಪಕ್ಕದೋನನ್ನೂ ಕೇಳಿರ್ತಾರೆ.

ಅಮೆಜಾನಿನೋರ ಎಸ್‌ಇಎಸ್ ಅನ್ನೋ ಸೇವೆಯೂ ಹಂಗೇ. ಮೊದಲು ದಿನಕ್ಕೆ 200 ಮೈಲ್ ಮಾತ್ರ, ಅದೂ ಪರೀಕ್ಷೆಗೆ ಅಂತ ನಾವು ಖಾತ್ರಿ ಮಾಡಿಕೊಟ್ಟ ವಿಳಾಸಕ್ಕೆ. ಯಾರಿಗೆ, ಯಾಕೆ ಅಂತ ವಿವರ ಬರೆದು ಒಪ್ಪಿಗೆ ತಗೊಂಡ ಮೇಲೇ ಬಾಗಿಲು ತೆಗೆಯೋದು. ಆಮೇಲೆ ಸಾವಿರ ಮೈಲಿಗೆ ಹತ್ತು ಸೆಂಟು, ಚಿಲ್ಲರೆ ಕಾಸು. ಚೆನ್ನೈನ ಜೋಹೋದೋರದ್ದು ಎರಡು ಬೇರೆ ಬೇರೆ ಸೇವೆ. ರಸೀದಿ, ಓಟಿಪಿ ಥರದ್ದಕ್ಕೆ ಜೆಪ್ಟೋಮೇಲ್, ನಮ್ಮಂಥ ಹಬ್ಬದ ಕಾಗದಕ್ಕೆ ಕ್ಯಾಂಪೇನ್ಸ್. ಒಂದರ ಕೆಲಸ ಇನ್ನೊಂದರಲ್ಲಿ ಮಾಡಂಗಿಲ್ಲ. ಆದ್ದರಿಂದ “ಮೈಲ್ ಕಳಿಸಬೌದಾ?” ಅಂತಷ್ಟೇ ಕೇಳಬ್ಯಾಡಿ, “ಕೇಳಿಕೊಂಡ ಗಿರಾಕಿಗಳಿಗೆ ಒಂದೇ ಕಾಗದ ನೂರಾರು ಕಳಿಸಬೌದಾ?” ಅಂತ ಬಿಡಿಸಿ ಕೇಳಿ. ಬರವಣಿಗೇಲೇ ಉತ್ತರ ಈಸ್ಕೊಳ್ಳಿ. ಗಂಟೆಗೆ ಎಷ್ಟು, ದಿನಕ್ಕೆ ಎಷ್ಟು ಅನ್ನೋದನ್ನೂ ಬರೆಸ್ಕೊಳ್ಳಿ.

ಜಾಗ ಸಿಕ್ಕ ಮೇಲೆ ನಮ್ಮ ಕಡೆಯಿಂದ ಮೂರು ಕೆಲಸ ಇತ್ತು. ಎಸ್‌ಪಿಎಫ್ ಅಂದ್ರೆ ನಮ್ಮ ಹೆಸರಲ್ಲಿ ಕಾಗದ ಒಯ್ಯೋಕೆ ಯಾರಿಗೆ ಹಕ್ಕು ಅನ್ನೋ ಪಟ್ಟಿ. ಡಿಕಿಮ್ ಅಂದ್ರೆ ಪ್ರತಿ ಕಾಗದಕ್ಕೂ ಬೀಳೋ ನಮ್ಮ ಮೊಹರು. ಡಿಮಾರ್ಕ್ ಅಂದ್ರೆ ಮೊಹರು ತಾಳೆ ಆಗದಿದ್ರೆ ಏನು ಮಾಡಬೇಕು ಅಂತ ನಾವು ಬರೆದಿಡೋ ಸೂಚನೆ. 2024ರಿಂದ ಗೂಗಲ್, ಯಾಹೂ ಎರಡೂ, ಬಾಳ ದೊಡ್ಡ ಸಂಖ್ಯೇಲಿ ಮೈಲ್ ಕಳಿಸೋರಿಗೆ ಈ ಮೂರನ್ನೂ, ಒಂದೇ ಒತ್ತಿಗೆ ಪಟ್ಟಿಯಿಂದ ಹೊರಗೆ ಹೋಗೋ ಗುಂಡಿಯನ್ನೂ ಕಡ್ಡಾಯ ಮಾಡವರೆ. ನಮ್ಮದು ಅಷ್ಟು ದೊಡ್ಡದಲ್ಲ, ಆದ್ರೂ ಮಾಡಿಸಿದ್ವಿ. ಸಾವಿರಕ್ಕೆ ಮೂರು ಜನ “ಇದು ಸ್ಪಾಮ್” ಅಂತ ಒತ್ತಿದ್ರೂ ಜಿಮೇಲಿನೋರ ಕಣ್ಣು ಕೆಂಪಾಯ್ತದೆ. ನಮ್ಮ 640ರಲ್ಲಿ ಬರೀ ಇಬ್ಬರು ಸಾಕು.

ಅದಕ್ಕೇ ಮೊದಲ ಕಾಗದದಲ್ಲಿ ವ್ಯಾಪಾರದ ಮಾತೇ ಬರೀಲಿಲ್ಲ. “ನೀವು ಮೇಳದಲ್ಲಿ ವಿಳಾಸ ಕೊಟ್ಟಿದ್ರಿ, ಇನ್ನೂ ತಿಳಿಸಬೇಕಾ, ಬ್ಯಾಡವಾ?” ಅಂತ ಕೇಳಿದ್ವಿ. ಕೆಲವರು ಬ್ಯಾಡ ಅಂದ್ರು, ಕೆಲವು ವಿಳಾಸ ಸತ್ತೇ ಹೋಗಿದ್ದೋ. ಒಟ್ಟು 57 ತೆಗೆದ್ವಿ. ಅಯ್ಯೋ, ಅಷ್ಟು ಗಿರಾಕಿ ಹೋದ್ರಲ್ಲ ಅಂತ ಒಬ್ಬಾಕೆ ಮರುಗಿದ್ರು. ಪುಸ್ತಕ ತೆಗೆದು ನೋಡಿದ್ರೆ ಆ 57ರಲ್ಲಿ ಹೋದ ವರ್ಷ ಕೊಂಡೋರು ಒಬ್ಬರೂ ಇಲ್ಲ. ಉಳಿದ 583 ಜನಕ್ಕೆ ಡಿಸೆಂಬರಲ್ಲಿ ಎಳ್ಳು-ಬೆಲ್ಲದ ಕಾಗದ ಹೋಯ್ತು. ತಂದ ಕೊಬ್ಬರಿ ಸಾಲದೆ ಎರಡನೇ ಸಲ ಪ್ಯಾಟೆಗೆ ಹೋದ್ವಿ.

ನಮ್ಮ ದೇಶದಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶದ ಕಾನೂನು ಆಗಿದೆ. ಒಪ್ಪಿಗೆ ಕೊಡೋದು ಎಷ್ಟು ಸುಲಭವೋ ವಾಪಸ್ ತಗೊಳ್ಳೋದೂ ಅಷ್ಟೇ ಸುಲಭ ಇರಬೇಕು ಅಂತದೆ ಅದು. ನಿಮ್ಮ ಮನೆ ವ್ಯಾಪಾರಕ್ಕೂ ಇವತ್ತೇ ಒಂದು ನೋಟ್‌ಬುಕ್ ಮಡಗಿ. ಹೆಸರು, ವಿಳಾಸದ ಜೊತೆಗೆ ಯಾವ ತಾರೀಕು ಎಲ್ಲಿ ಕೊಟ್ಟರು ಅಂತಲೂ ಅವರ ಕೈಯಲ್ಲೇ ಬರೆಸಿ. ನಾಳೆ ಒಳ್ಳೇ ಹೋಸ್ಟಿಂಗಿನೋರು ಕೇಳ್ದಾಗ ತೋರಿಸೋಕೆ ಆ ಪುಸ್ತಕಕ್ಕಿಂತ ದೊಡ್ಡ ದಾಖಲೆ ಬೇಕಿಲ್ಲ. ಗೊತ್ತಾಗದಿದ್ರೆ ಸಂಜೆ ನಾಲ್ಕರ ಮೇಲೆ ಬನ್ನಿ, ಓರಗಿತ್ತಿ ಮಗಳು ಮನೇಲಿರ್ತಾಳೆ, ಕೂತು ಹೇಳಿಕೊಡ್ತಾಳೆ.